ತೂಕ ಇಳಿಯಿತು, ಮಾತು ನಿಂತಿತು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ನಾನು ಮೇಲ್ವಿಚಾರಕ. ಅಡಿಕೆ ಆರಿಸಲು 14 ಹೆಂಗಸರಿದ್ದಾರೆ. ಮೂರು ವಾರದ ಹಿಂದೆ ತೂಕದ ಗುಮಾಸ್ತರು, ‘ಚೀಲ ನಿಮ್ಮ ಕೈಗೆ ಹೋದಮೇಲೇ ಅಡಿಕೆ ಕಡಿಮೆ ಬರ್ತದೆ’ ಎಂದು ಎಲ್ಲರೆದುರು ಅಂದುಬಿಟ್ಟರು. ಅಂದಿನಿಂದ ಎರಡೂ ಕಡೆ ಮಾತಿಲ್ಲ. ಆರಿಸುವವರಲ್ಲಿ 18 ವರ್ಷದಿಂದ ಇರುವ ಅಕ್ಕ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾರೆ. ಮಾಲಕರು, ‘ಮಾರಿಕಾಂಬೆ ಎದುರು ಆಣೆ ಮಾಡಿಸು, ಮುಗೀತದೆ’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಶಿರಸಿ

ಉತ್ತರ: ಆಣೆ ಬೇಡವೇ ಬೇಡ. ದೇವರ ಭಯಕ್ಕೆ ಹಿಂಜರಿದವರು ಕಳ್ಳರಾಗಿಬಿಡುತ್ತಾರೆ, ಆಣೆ ಮಾಡಿದವರಿಗೆ ಅವಮಾನ ಉಳಿಯುತ್ತದೆ. ತೂಕ ಏಕೆ ಇಳಿಯಿತು ಎಂಬುದು ಮಾತ್ರ ಹಾಗೇ ಇರುತ್ತದೆ.

ಮನುಷ್ಯರನ್ನು ವಿಚಾರಿಸುವ ಮೊದಲು ತೂಕವನ್ನು ವಿಚಾರಿಸಿ. ಮುದ್ರೆಯಿರುವ 20 ಕಿಲೋ ಬಟ್ಟನ್ನು ಎರಡೂ ಕಡೆಯವರ ಎದುರು ಕಾಟಾದ ಮೇಲಿಡಿ, ನಡುವಿನಲ್ಲೂ ನಾಲ್ಕು ಮೂಲೆಗಳಲ್ಲೂ. ತೂಕ-ಅಳತೆ ತಪಾಸಿಸುವ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆಯ ಅವಧಿ ಮುಗಿದಿದೆಯೇ ನೋಡಿ. ಆಮೇಲೆ ಖಾಲಿ ಗೋಣಿ. ಒಣಗಿದ್ದು, ಥಂಡಿ ಹಿಡಿದದ್ದು, ತೇಪೆ ಹಾಕಿದ್ದು ಮೂರನ್ನೂ ಬೇರೆ ಬೇರೆ ತೂಗಿ. ಎಲ್ಲ ಗೋಣಿಗೂ ಒಂದೇ ತೂಕ ಕಳೆಯುವ ರೂಢಿಯಿದ್ದರೆ, ಚೀಲಕ್ಕೆ 200 ಗ್ರಾಂ ತಪ್ಪಿದರೂ 40 ಚೀಲಕ್ಕೆ 8 ಕಿಲೋ ವ್ಯತ್ಯಾಸ. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೂ 3,200 ರೂಪಾಯಿ. ಇಷ್ಟು ದುಡ್ಡಿನ ಕಳ್ಳತನದ ಆರೋಪಕ್ಕೆ ಒದ್ದೆ ಗೋಣಿಗಳೇ ಸಾಕು.

ಅಡಿಕೆಯೂ ಸುಮ್ಮನಿರುವುದಿಲ್ಲ. ಒಣಗು ಸಾಲದ ಮಾಲನ್ನು ಎರಡು ದಿನ ಹರವಿಟ್ಟರೆ ತೂಕ ಇಳಿಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಥಂಡಿ ಹೀರಿ ತೂಕ ಏರುತ್ತದೆ. ಚಾಲಿ, ಬಿಳಿಗೋಟು, ಕೋಕ ಎಂದು ದರ್ಜೆವಾರು ಆರಿಸಿದ ರಾಶಿಗಳ ಜೊತೆಗೆ ಸಿಪ್ಪೆ, ಚೂರು, ಧೂಳನ್ನೂ ತೂಗುತ್ತೀರಾ? ಗುಡಿಸಿ ಹೊರಹಾಕಿದ್ದು ಲೆಕ್ಕಕ್ಕೆ ಬಾರದಿದ್ದರೆ ಅಷ್ಟೂ ಆರಿಸಿದವರ ತಲೆಗೆ ಕಟ್ಟಿಕೊಳ್ಳುತ್ತದೆ. ಒಂದು ವಾರ ಬಂದ ತೂಕ, ಹೋದ ತೂಕ, ಕಸದ ತೂಕ ಮೂರನ್ನೂ ಬರೆಸಿ.

ಅದೇ ವಾರ ಗುಮಾಸ್ತರನ್ನೂ ಅಕ್ಕನನ್ನೂ ಬೇರೆ ಬೇರೆಯಾಗಿ, ಆದರೆ ಒಂದೇ ದಿನ ಕೂರಿಸಿಕೊಳ್ಳಿ. ಮೊದಲು ಕೇಳಿದವರ ಮಾತು ರಾತ್ರಿಯಿಡೀ ತಲೆಯಲ್ಲಿ ಕೂತರೆ ಎರಡನೆಯವರ ಮಾತು ಕಿವಿಗೆ ಹೋಗುವುದಿಲ್ಲ. ತಲಾ 20 ನಿಮಿಷ, ಇಬ್ಬರಿಗೂ ಅವೇ ಮೂರು ಪ್ರಶ್ನೆ: ಯಾವ ದಿನ ಏನಾಯಿತು? ಅದರಿಂದ ನಿಮಗೇನಾಯಿತು? ನಾಳೆಯಿಂದ ಏನು ಬದಲಾಗಬೇಕು? ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಬರೆದುಕೊಂಡು ಓದಿ ಹೇಳಿ. ಗುಮಾಸ್ತರ ಮೇಲೆ ಮಾಲಕರ ಒತ್ತಡ ಇದ್ದಿರಬಹುದು. ಕಡಿಮೆ ಬಿದ್ದದ್ದನ್ನು ಅವರ ಸಂಬಳದಲ್ಲಿ ಹಿಡಿಯುತ್ತಿದ್ದಾರೆಯೇ ಎಂದೂ ಕೇಳಿ.

ಇಬ್ಬರನ್ನೂ ಸೇರಿಸುವುದು ತೂಕದ ಚೀಟಿಗಳು ಕೈಗೆ ಬಂದಮೇಲೆ. ಕೂರುವ ಜಾಗ ನಿಮ್ಮ ಮೇಜಿನ ಮುಂದೆ ಬೇಡ, ಆರಿಸುವ ಜಾಗದಲ್ಲೇ ಆಗಲಿ. ಅದೂ ಕೆಲಸದ ಹೊತ್ತಿನಲ್ಲಿ, ಸಂಬಳ ಕಡಿಯದೆ. ಊರಿನ ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಆದ ರಾಜಿ ಮರುದಿನಕ್ಕೆ ಉಳಿಯುವುದಿಲ್ಲ. ‘ನೀವು ಕದ್ದಿರಿ’, ‘ನೀವು ಸೊಕ್ಕಿನವರು’ ಎಂಬ ಮಾತು ಬಂದಾಗ ತಡೆದು, ‘ಮಂಗಳವಾರ 11 ಚೀಲಕ್ಕೆ 6 ಕಿಲೋ ಕಡಿಮೆ ಬಂತು’ ಎನ್ನುವ ಹಾಗೆ ದಿನ ಮತ್ತು ಲೆಕ್ಕಕ್ಕೆ ತನ್ನಿ.

ಆರೋಪ ತಪ್ಪೆಂದು ಲೆಕ್ಕ ತೋರಿಸಿದರೆ ಗುಮಾಸ್ತರು ಕ್ಷಮೆ ಕೇಳಬೇಕು, ಆ 14 ಮಂದಿಯ ಎದುರೇ. ಎಲ್ಲರೆದುರು ಕಳೆದ ಮರ್ಯಾದೆ ಕೋಣೆಯೊಳಗಿನ ‘ತಪ್ಪಾಯ್ತು’ಗೆ ಮರಳಿ ಬರುವುದಿಲ್ಲ. ಇದರಲ್ಲಿ ಮಾತ್ರ ದಯವಿಟ್ಟು ಸಡಿಲ ಬಿಡಬೇಡಿ. ‘ಇಬ್ಬರೂ ಹೊಂದಿಕೊಂಡು ಹೋಗಿ’ ಎಂದರೆ ಆ ಅಕ್ಕನ 18 ವರ್ಷದ ನಂಬಿಕೆಗೆ ನೀವೂ ಬೆಲೆ ಕೊಡಲಿಲ್ಲ ಎಂದಾಗುತ್ತದೆ.

ಕೊನೆಗೆ ಒಂದು ಕಾಗದ: ಚೀಲ ಕೈ ಬದಲಾಗುವಾಗ ಇಬ್ಬರೂ ನಿಂತು ತೂಗುವುದು, ಚೀಟಿಯಲ್ಲಿ ತೂಕ, ಗೋಣಿ, ಹೊತ್ತು, ಎರಡು ಸಹಿ. 7ನೇ ದಿನ, 30ನೇ ದಿನ ಮತ್ತೆ ಕೂತು ನೋಡಿ. ಎಣಿಸಿ, 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ ಕಾನೂನಿನಂತೆ ಇರಲೇಬೇಕು. ಅದರಲ್ಲಿ ಮಾಲಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮ ಸಂಖ್ಯೆಯಲ್ಲಿರಬೇಕು.

ಪ್ರಶ್ನೆ: ನಮ್ಮ ಅಂಗಡಿಯಲ್ಲಿ ಆರು ಜನ ಕೆಲಸಕ್ಕಿದ್ದೇವೆ. ಹಿರಿಯ ಸಹೋದ್ಯೋಗಿಯೊಬ್ಬರು ಅಸಭ್ಯವಾಗಿ ಮಾತಾಡುತ್ತಾರೆ, ಮೈಗೆ ಮೈ ತಾಗಿಸುತ್ತಾರೆ. ಮಾಲಕರು, ‘ಕೂತು ಮಾತಾಡಿ ಸರಿಮಾಡಿಕೊಳ್ಳಿ’ ಅಂದರು.
– ಓದುಗರೊಬ್ಬರು, ಕುಮಟಾ

ಉತ್ತರ: ತಂಗಿ, ಇದು ಜಗಳವಲ್ಲ, ಲೈಂಗಿಕ ಕಿರುಕುಳ. ಕೂತು ಮಾತಾಡುವ ಹೊಣೆ ನಿಮ್ಮದಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆರು ಜನರ ಅಂಗಡಿಗೂ ಅನ್ವಯಿಸುತ್ತದೆ. 10ಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ದೂರು ಹೋಗಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಅದನ್ನು ಸ್ವೀಕರಿಸಲು ತಾಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿ.

ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು ಕೊಡಿ. ಇಂದೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಅವರು ಆಡಿದ ಮಾತು, ಹತ್ತಿರ ಇದ್ದವರು ಯಾರು ಎಂದು ಬರೆಯಿರಿ. ಮೊಬೈಲಿಗೆ ಬಂದ ಸಂದೇಶ ಅಳಿಸಬೇಡಿ. ವಿಚಾರಣೆಗೆ ಕಾಯ್ದೆ ಕೊಟ್ಟ ಅವಧಿ 90 ದಿನ. ರಾಜಿ ನೀವು ಕೇಳಿದರೆ ಮಾತ್ರ, ಅದೂ ಹಣ ಕೊಟ್ಟು ಮುಗಿಸುವಂಥದ್ದಲ್ಲ. ಸಮಿತಿಗೆ ಹೋಗಿದ್ದೀರೆಂದು ಪೊಲೀಸ್ ದೂರಿನ ದಾರಿ ಮುಚ್ಚುವುದಿಲ್ಲ.