ಹೊರಳಿದರೆ ಮನೆಯೇ ತಿರುಗುತ್ತದೆ, ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ಅವ್ವನಿಗೆ 58 ವರ್ಷ. ಒಂದು ತಿಂಗಳಿಂದ ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಮನೆ ಗರಗರ ತಿರುಗುತ್ತದೆ ಅಂತ ಮಂಚ ಹಿಡಿದುಕೊಳ್ಳುತ್ತಾಳೆ. ನಾಗಂದಿಗೆ ಮೇಲಿನ ಡಬ್ಬಿಗೆ ಕತ್ತೆತ್ತಿದರೂ ಹಾಗೇ. ಬಿಪಿ, ಶುಗರ್ ಸರಿ ಇವೆ. ಎಕ್ಸ್‌ರೇ ತೆಗೆಸಿದೆವು, ಕುತ್ತಿಗೆ ಮೂಳೆ ಸವೆದಿದೆ ಅಂತ ಪಟ್ಟಿ ಹಾಕಿದ್ದಾರೆ. ಗುಳಿಗೆ ತಿಂದರೆ ದಿನವಿಡೀ ನಿದ್ದೆ. ಪಕ್ಕದ ಮನೆಯವರು ಪಿತ್ತ ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಮುಧೋಳ

ಉತ್ತರ: ಎಷ್ಟು ಹೊತ್ತು ತಿರುಗುತ್ತದೆ ಅಂತ ನೀವು ಬರೆದಿಲ್ಲ, ನನಗೆ ಬೇಕಾದದ್ದೇ ಅದು. ನನ್ನ ಹತ್ತಿರ ಬರುವವರನ್ನು ಕೇಳಿದರೆ "ಅರ್ಧ ತಾಸು ಸಾಹೇಬ್ರ" ಅಂತಾರೆ. ಮಲಗಿಸಿ, ಗಡಿಯಾರ ನೋಡಿದರೆ ಅರ್ಧ ನಿಮಿಷ! ಪಾಪ, ಆ ಅರ್ಧ ನಿಮಿಷ ಅಷ್ಟು ಉದ್ದ ಅನಿಸುತ್ತದೆ. ಅವ್ವನಿಗೂ ಒಂದು ನಿಮಿಷದೊಳಗೆ ನಿಲ್ಲುತ್ತಿದ್ದರೆ, ಕಿವಿ ಮಂದವಾಗದೆ ಬರೀ ಹೊರಳಿದಾಗ, ಕತ್ತೆತ್ತಿದಾಗ ಮಾತ್ರ ಬರುತ್ತಿದ್ದರೆ, ಇದು ಬಹುಪಾಲು ಒಳಗಿವಿಯ ತೊಂದರೆ. ಹೆಸರು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಿಸಿದಾಗ ಥಟ್ಟನೆ ಬರುವ ತಲೆಸುತ್ತು. ಬಿಪಿಗೂ ಇದಕ್ಕೂ ಸಂಬಂಧವಿಲ್ಲ, ಪಿತ್ತಕ್ಕಂತೂ ಇಲ್ಲವೇ ಇಲ್ಲ. ಕುತ್ತಿಗೆ ಸವೆತವೋ, ಈ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಬಹಳ ಜನರಿಗೆ ಕಾಣುತ್ತದೆ, ಕಂಡದ್ದೆಲ್ಲ ಕಾರಣವಲ್ಲ.

ಒಳಗಿವಿಯಲ್ಲಿ ಮೈಯ ಸಮತೋಲ ಹಿಡಿಯಲು ಸಣ್ಣ ಸಣ್ಣ ಹರಳುಗಳಿವೆ. ನಿಮ್ಮ ಕಡೆ ಸಿಮೆಂಟಿಗೆ ಸುಣ್ಣದ ಕಲ್ಲು ತೆಗೆಯುತ್ತಾರಲ್ಲ, ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಇದರಲ್ಲೂ ಇರುವುದು. ವಯಸ್ಸಾಗಿಯೋ ತಲೆಗೆ ಪೆಟ್ಟು ಬಿದ್ದೋ ಕೆಲವು ಹರಳು ಜಾಗ ಬಿಟ್ಟು ಪಕ್ಕದ ಬಳೆಯಂಥ ಕೊಳವೆಗೆ ಜಾರುತ್ತವೆ. ಆ ಕೊಳವೆಯಲ್ಲಿ ನೀರಿನಂಥ ದ್ರವ ಇರುತ್ತದೆ. ಹೊರಳಿದಾಗ ಹರಳು ಉರುಳಿ ದ್ರವವನ್ನೂ ಎಳೆಯುತ್ತದೆ, ತಲೆ ನಿಂತರೂ ಕಿವಿ ಮಾತ್ರ "ಇನ್ನೂ ತಿರುಗುತ್ತಿದ್ದೀ" ಅಂತ ಮಿದುಳಿಗೆ ಸುಳ್ಳು ಹೇಳುತ್ತದೆ.

ಪರೀಕ್ಷೆಗೆ ಯಂತ್ರ ಬೇಡ, ಒಂದು ಮಂಚ ಸಾಕು. ಕೂರಿಸಿ, ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ತಲೆ ಸ್ವಲ್ಪ ಕೆಳಗೆ ಜೋತುಬೀಳುವಂತೆ ಬೇಗನೆ ಮಲಗಿಸುತ್ತೇವೆ. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ತಾನೇ ಜಗ್ಗಿ ಜಗ್ಗಿ ಗಿರಕಿ ಹೊಡೆಯುತ್ತದೆ. ಯಾವ ಕಿವಿ ಅಂತ ಕಣ್ಣೇ ಹೇಳಿಬಿಡುತ್ತದೆ, ಸ್ಕ್ಯಾನ್ ಹೇಳುವುದಿಲ್ಲ.

ಮದ್ದೂ ಮಂಚದ ಮೇಲೇ. ಅಮೆರಿಕದ ಕಿವಿ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಪಟ್ಟು ಇದು. ಬಲಗಿವಿಯಾದರೆ ಹಾಗೆಯೇ ತಲೆ ಬಲಕ್ಕೆ ತಿರುಗಿಸಿ ಮಲಗಿಸಿ, ತಿರುಗುವುದು ನಿಂತ ಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿ ಅರ್ಧ ನಿಮಿಷ ಬಿಟ್ಟು, ಮೈಯನ್ನೂ ಎಡಕ್ಕೆ ಹೊರಳಿಸಿ ಮೂಗು ನೆಲ ನೋಡುವಂತೆ ಇಟ್ಟು, ಮೆಲ್ಲಗೆ ಎಬ್ಬಿಸಿ ಕೂರಿಸುವುದು. ಹರಳು ಬಂದ ದಾರಿಯಲ್ಲೇ ವಾಪಸ್ಸು. ಐದು ನಿಮಿಷವೂ ಹಿಡಿಯುವುದಿಲ್ಲ. ಬಹಳ ಜನಕ್ಕೆ ಒಂದೆರಡು ಸಲಕ್ಕೇ ಗುಣವಾಗುತ್ತದೆ. ಗುಳಿಗೆ ವಾಕರಿಕೆ ತಡೆದೀತು, ಆದರೆ ಹರಳು ಸರಿಸುವುದಿಲ್ಲ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಥರದವನ್ನು ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಕೈ ನಡುಗುವುದೂ ಶುರುವಾಗಬಹುದು. ಅವ್ವನ ಚೀಟಿ ಒಮ್ಮೆ ನೋಡಿ, ಇದ್ದರೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ನನಗೂ ಇದೇ ಆಗಿ ಗುಣವಾಗಿತ್ತು, ವರ್ಷದೊಳಗೆ ಮತ್ತೆ ಬಂದಿದೆ. ಯೂಟ್ಯೂಬ್ ನೋಡಿ ನಾನೇ ಮಾಡಿಕೊಳ್ಳಬಹುದಾ?
— ಗೃಹಿಣಿ, ಗೋಕಾಕ

ಉತ್ತರ: ಮರುಕಳಿಸುವುದು ಸಾಮಾನ್ಯ, ಹೆದರಬೇಡಿ. ಒಮ್ಮೆ ಡಾಕ್ಟರು ಯಾವ ಕಿವಿ ಅಂತ ಗುರುತಿಸಿ, ಮಾಡಿ ತೋರಿಸಿದ್ದರೆ ಮನೆಯಲ್ಲಿ ಮಾಡಿಕೊಳ್ಳಬಹುದು, ಪಕ್ಕದಲ್ಲಿ ಯಾರಾದರೂ ಇರಲಿ. ಈ ಸಲ ಇನ್ನೊಂದು ಕಿವಿಗೆ ಬಂದಿರಲೂಬಹುದು, ಅದನ್ನು ಮೊದಲು ನೋಡಿಸಿ. ಕುತ್ತಿಗೆ ಜೋರು ನೋವಿದ್ದರೆ ಸುಮ್ನೆ ಸಾಹಸ ಬೇಡ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಅದು ಕಮ್ಮಿ ಇದ್ದವರಿಗೆ ಸರಿಪಡಿಸಿದರೆ ಮತ್ತೆ ಮತ್ತೆ ಬರುವುದು ಇಳಿಯುತ್ತದೆ.

ಇಬ್ಬರಿಗೂ ಒಂದು ಮಾತು. ಅಲುಗಾಡದೆ ಕೂತರೂ ತಾಸುಗಟ್ಟಲೆ ತಿರುಗುತ್ತಿದ್ದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಬೇರೆ ಕಥೆ, ಪಾರ್ಶ್ವವಾಯು ಇರಬಹುದು. ಆಗ ನನಗೆ ಪತ್ರ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.