ಹೂದೋಟದ ಪತ್ರಗಳು: ಹೀಲಿಯೋಟ್ರೋಪ್‌ಗೆ ಚಳಿಯ ಭಯವಿಲ್ಲ, ಮಳೆಯದ್ದೇ ಭಯ

ಹೋದ ತಿಂಗಳು ನಮ್ಮ ಜಗುಲಿಯ ಹೀಲಿಯೋಟ್ರೋಪ್ (ನೇರಳೆ ಹೂಗೊಂಚಲಿನ, ವೆನಿಲ್ಲಾ ಪರಿಮಳದ ಗಿಡ) ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ! ಈ ಸಲ ಗುಲಾಬಿ, ಆಂಥೂರಿಯಂ ಪ್ರಶ್ನೆ ಕೇಳಿದವರು ಸ್ವಲ್ಪ ಕಾಯಬೇಕು.

ಬೆಂಗಳೂರಿನ ನರ್ಸರಿಯಿಂದ ಎರಡು ವರ್ಷ ಹೀಲಿಯೋಟ್ರೋಪ್ ತಂದು ಅಂಗಳದಲ್ಲಿ ನೆಟ್ಟೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಎರಡು ಸಲವೂ ಜುಲೈನಲ್ಲಿ ಕಪ್ಪಾಗಿ ಸತ್ತುಹೋಯಿತು. ಗೊಬ್ಬರ ಕಮ್ಮಿಯಾಯಿತಾ? – ಭಾಗಮಂಡಲದ ಓದುಗರು

ಗೊಬ್ಬರದ್ದೇನೂ ತಪ್ಪಿಲ್ಲ. ಭಾಗಮಂಡಲದ ಮಳೆಯಲ್ಲಿ ಅಂಗಳದಲ್ಲಿ ನೆಟ್ಟಿರಿ, ಅದೇ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದನ್ನೇ ಮಾಡಿದ್ದೆ.

ನನಗೆ ಮೊದಲ ಗಿಡ ಸಿಕ್ಕಿದ್ದು ಒಂದು ಹಳೇ ಎಸ್ಟೇಟ್ ಬಂಗಲೆಯಲ್ಲಿ. ಅಲ್ಲಿನ ಮಾಲಿ ಮೂರು ಕಡ್ಡಿ ಮುರಿದು ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಮೂರೂ ಚಿಗುರಿದವು. ಮೆಟ್ಟಿಲ ಪಕ್ಕ ಸಾಲಾಗಿ ನೆಟ್ಟೆ. ಬಾಗಿಲು ತೆರೆದರೆ ವೆನಿಲ್ಲಾ ಐಸ್‌ಕ್ರೀಂ ವಾಸನೆ. ಆಮೇಲೆ ಜೂನ್ ಬಂತು. ಹದಿನೈದು ದಿನ ಬಿಸಿಲಿನ ಮುಖ ಕಾಣಲಿಲ್ಲ. ಮೊದಲು ಹೂಗೊಂಚಲಿನ ಮೇಲೆ ಬೂದು ಬಣ್ಣದ ಬೂಷ್ಟು ಬಂತು. ಆಮೇಲೆ ಎಲೆ, ಕೊನೆಗೆ ಬುಡ. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಂತು, ಒಳಗೆ ನಾರು ಮಾತ್ರ ಉಳಿದಿತ್ತು.

ಈ ಗಿಡದ ಊರು ಪೆರು ದೇಶದ ಆಂಡಿಸ್ ಬೆಟ್ಟಸೀಮೆ. 18ನೇ ಶತಮಾನದಲ್ಲಿ ಜೋಸೆಫ್ ಡಿ ಜುಸ್ಸಿಯು ಎಂಬ ಫ್ರೆಂಚ್ ಸಸ್ಯತಜ್ಞ ಅಲ್ಲಿಂದ ಬೀಜ ಕಳಿಸಿದ ಮೇಲೆ ಅದು ಯುರೋಪಿನ ತೋಟ ಸೇರಿತು. ಅಲ್ಲಿನವರಿಗೆ ಹಿಮದ ಭಯ. ಹಾಗಾಗಿ ಅವರ ಪುಸ್ತಕಗಳಲ್ಲಿ ಚಳಿಗಾಲಕ್ಕೆ ಗಿಡ ಒಳಗಿಡಿ, ಬೇಸಿಗೆಗೆ ಹೊರಗಿಡಿ ಅಂತ ಇರುತ್ತದೆ. ನಾವು ಅದನ್ನು ತಿರುಗಿಸಿ ಓದಿಕೊಳ್ಳಬೇಕು. ಮಡಿಕೇರಿಯ ಡಿಸೆಂಬರ್ ಚಳಿಗೆ ಇದು ಜಗ್ಗುವುದಿಲ್ಲ, ಆಗಲೇ ಜಾಸ್ತಿ ಹೂ ಬಿಡುತ್ತದೆ. ಒಳಗೆ ಬರಬೇಕಾದ್ದು ಜೂನ್ ಮೊದಲ ವಾರ.

ಅದಕ್ಕೇ ಚಟ್ಟಿಯಲ್ಲಿ ಬೆಳೆಸಿ. ಮಳೆಗಾಲದಲ್ಲಿ ಜಗುಲಿಯ ಒಳಬದಿಗೆ ಸರಿಸಿ. ಸೂರಿನ ಹನಿ ಬೀಳುವ ಅಂಚಿನಲ್ಲಿ ಬೇಡ, ಅಲ್ಲಿ ಬಯಲಿಗಿಂತ ಜಾಸ್ತಿ ನೀರು ಬೀಳುತ್ತದೆ. ಗಿಡವನ್ನು ಅರ್ಧಕ್ಕೆ ಕತ್ತರಿಸಿ, ಮೊಗ್ಗು ಬಂದರೂ ಚಿವುಟಿಹಾಕಿ. ನೀರು ವಾರಕ್ಕೊಮ್ಮೆ, ಅದೂ ಮಣ್ಣು ಮುಟ್ಟಿ ನೋಡಿ. ಚಟ್ಟಿಯನ್ನು ಎರಡು ಇಟ್ಟಿಗೆ ತುಂಡಿನ ಮೇಲಿಡಿ, ಅಡಿಯಲ್ಲಿ ಗಾಳಿ ಆಡಲಿ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲಿಗೆ, ಹೊಸ ಚಿಗುರು ಕಾಣುತ್ತದೆ. ನಾನಂತೂ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆಯುವ ತನಕ ಹೊರಗಿಡುವುದಿಲ್ಲ.

ಕುಶಾಲನಗರದ ಕಡೆಯವರು ನಗಬಹುದು. ನಿಮ್ಮಲ್ಲಿ ಮಳೆ ಕಮ್ಮಿ, ಎತ್ತರದ ಮಡಿ ಮಾಡಿ ನೆಲದಲ್ಲೇ ನೆಟ್ಟರೂ ನಡೆದೀತು.

ಮಧ್ಯಾಹ್ನ ಆದರೆ ಗಿಡ ಬಾಡಿ ತಲೆ ಕೆಳಗೆ ಹಾಕುತ್ತದೆ. ಓಡಿ ಹೋಗಿ ನೀರು ಹಾಕುತ್ತೇನೆ. ದಿನಕ್ಕೆ ಮೂರು ಸಲ ಹಾಕಿದರೂ ಎಲೆಯಂಚು ಕಪ್ಪಾಗುತ್ತಿದೆ. – ಗೋಣಿಕೊಪ್ಪದ ಓದುಗರು

ಒಂದು ದಿನ ನೀರು ಹಾಕದೆ, ಬೆರಳನ್ನು ಎರಡು ಗಣ್ಣಿನಷ್ಟು ಮಣ್ಣೊಳಗೆ ತೂರಿಸಿ ನೋಡಿ. ಈ ಗಿಡ ಬಾಯಾರಿದರೂ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ನೋಡಲು ಎರಡೂ ಒಂದೇ. ಬೆರಳಿಗೆ ಒಣಮಣ್ಣು ಸಿಕ್ಕಿದರೆ ನೀರು ಹಾಕಿ, ಒಂದು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಒದ್ದೆ ಇದ್ದೂ ಬಾಡಿದೆ ಅಂದರೆ ನೀವೇ ಮುಳುಗಿಸುತ್ತಿದ್ದೀರಿ. ಆಗ ಚಟ್ಟಿಯಿಂದ ತೆಗೆದು, ಕಪ್ಪು ಬೇರು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ ನೆರಳಲ್ಲಿಡಿ. ಬದುಕುತ್ತದೆ ಅಂತ ಭರವಸೆ ಕೊಡಲಾರೆ, ನಾನು ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಜಾಸ್ತಿ.

ಮಣ್ಣು ಒಣಗಿಯೂ ಇಲ್ಲ, ಕೆಸರೂ ಇಲ್ಲ, ಸಂಜೆ ತಾನಾಗಿಯೇ ಏಳುತ್ತದೆ ಅಂದರೆ ಅದು ಮಾರ್ಚ್ ಬಿಸಿಲಿನ ಸುಸ್ತು. ಬೆಳಗ್ಗೆ ನಾಲ್ಕೈದು ಗಂಟೆ ಬಿಸಿಲು, ಮಧ್ಯಾಹ್ನ ನೆರಳು ಬೀಳುವ ಮೂಲೆಗೆ ಸರಿಸಿ. ಸಿಲ್ವರ್ ಓಕ್ ಮರದ ಚುಕ್ಕೆ ನೆರಳೂ ಆದೀತು. ಬಿಸಿಲು ವಿಪರೀತವಾದರೆ ನೇರಳೆ ಬಣ್ಣವೂ ಬಿಳಚಿಕೊಳ್ಳುತ್ತದೆ.

ಬೀಜ ಹಾಕುವುದೋ, ಕಡ್ಡಿ ನೆಡುವುದೋ? – ಸೋಮವಾರಪೇಟೆಯ ಓದುಗರು

ಕಡ್ಡಿ. ಬೀಜ ತೀರಾ ಸಣ್ಣದು. ಮಣ್ಣಿನ ಮೇಲೆ ಉದುರಿಸಿ ಮೂರು ನಾಲ್ಕು ವಾರ ಕಾಯಬೇಕು. ಅಷ್ಟು ಕಾದ ಮೇಲೂ ಬೀಜದ ಗಿಡಗಳಲ್ಲಿ ಪರಿಮಳ ಒಂದೇ ಥರ ಇರುವುದಿಲ್ಲ. ಒಂದು ಘಮ್ಮೆನ್ನುತ್ತದೆ, ಪಕ್ಕದ್ದು ಮೂಗು ತಾಗಿಸಿದರೂ ಸುಮ್ಮನಿರುತ್ತದೆ. ಕಡ್ಡಿಯಿಂದ ಬಂದದ್ದು ತಾಯಿಗಿಡದ ಹಾಗೇ ಇರುತ್ತದೆ. ಗಿಡ ಕೊಳ್ಳುವಾಗಲೂ ಅಷ್ಟೇ, ಮೊದಲು ಮೂಸಿ ನೋಡಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಅಕ್ಟೋಬರಿನಲ್ಲಿ ಹೂವಿಲ್ಲದ ಎಳೇ ತುದಿ ಆರಿಸಿ. ಬೆರಳುದ್ದ ಸಾಕು. ಗಣ್ಣಿನ ಕೆಳಗೆ ಬ್ಲೇಡಿನಿಂದ ಕತ್ತರಿಸಿ, ಕೆಳಗಿನ ಎಲೆ ತೆಗೆಯಿರಿ. ಎಲೆ ಒರಟು, ರೋಮ ಜಾಸ್ತಿ. ಕೈ ತುರಿಸುವವರು ಗ್ಲೌಸ್ ಹಾಕಿಕೊಳ್ಳಿ. ಮರಳು ಅರ್ಧ, ಎಲೆಗೊಬ್ಬರ ಅರ್ಧ ಬೆರೆಸಿ ತೂತು ಮಾಡಿದ ಮೊಸರಿನ ಕಪ್ಪಿಗೆ ತುಂಬಿ, ಕಡ್ಡಿ ಸಿಕ್ಕಿಸಿ. ನಾನು ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಡುತ್ತೇನೆ, ಪಾತ್ರೆ ತೊಳೆಯುವಾಗೆಲ್ಲ ಕಣ್ಣಿಗೆ ಬೀಳಲಿ ಅಂತ. ಮೂರು ವಾರ ಆದ ಮೇಲೆ ಮೆಲ್ಲಗೆ ಎಳೆದರೆ ಬಿಗಿ ಸಿಗುತ್ತದೆ. ಬೇರು ಹಿಡಿದಿದೆ ಅಂತ ಅರ್ಥ. ಆಮೇಲೆ ಚಟ್ಟಿಗೆ ಹಾಕಿ, ಗೇಣುದ್ದ ಆದಾಗ ತುದಿ ಚಿವುಟಿ. ಚಿವುಟಲು ಮನಸ್ಸು ಬರುವುದಿಲ್ಲ, ಗೊತ್ತು. ಚಿವುಟದಿದ್ದರೆ ಒಂದೇ ಕೋಲಾಗಿ ಹೋಗುತ್ತದೆ.

ಇನ್ನೊಂದು: ಮೇ ತಿಂಗಳಲ್ಲೂ ನಾಲ್ಕು ಕಡ್ಡಿ ಹಾಕಿಟ್ಟುಕೊಳ್ಳಿ. ಮಳೆಯಲ್ಲಿ ದೊಡ್ಡ ಗಿಡ ಕೈಕೊಟ್ಟರೂ ಮರಿ ಇರುತ್ತದೆ.

ನಮ್ಮ ಕಣದ ಪಕ್ಕ ಕಾಫಿ ಸಿಪ್ಪೆ ರಾಶಿ ಬಿದ್ದಿದೆ. ಹಾಕಬಹುದಾ? – ಸುಂಟಿಕೊಪ್ಪದ ಓದುಗರು

ಹಸಿ ಸಿಪ್ಪೆ ಬೇಡ, ಕಾವಿಗೆ ಬೇರು ಸುಡುತ್ತದೆ. ಸಗಣಿ ಜೊತೆ ಗುಂಡಿಯಲ್ಲಿ ಪೂರ್ತಿ ಕಳಿತು, ಕಪ್ಪಗೆ ಪುಡಿಯಾಗಿ, ಹುಳಿ ವಾಸನೆ ಹೋದ ಮೇಲೆ ಒಂದು ಹಿಡಿ ಹಾಕಿ. ನಮ್ಮ ಮಣ್ಣು ಮೊದಲೇ ಹುಳಿ. ಕಾಫಿಗೆ ಸುಣ್ಣ ಹಾಕುವಾಗ ಉಳಿದದ್ದರಲ್ಲಿ ಒಂದು ಚಮಚ ಚಟ್ಟಿ ಮಣ್ಣಿಗೆ ಬೆರೆಸಿದರೆ ಒಳ್ಳೆಯದು. ಹೂ ಬಿಡುವ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೆಳ್ಳಗಿನ ಸಗಣಿ ನೀರು ಸಾಕು. ಯೂರಿಯಾ ಹಾಕಿದರೆ ಬರೀ ಸೊಪ್ಪು.

ಆಂಟಿ, ಅಮ್ಮ ಕತ್ತರಿಸಿ ಎಸೆದ ಒಣಗಿದ ಹೀಲಿಯೋಟ್ರೋಪ್ ಕೊಂಬೆಗೆ ಚಿಟ್ಟೆಗಳು ಮುತ್ತಿಕೊಂಡಿದ್ದವು. ಅದರಲ್ಲಿ ಹೂವೇ ಇರಲಿಲ್ಲ. ಯಾಕೆ? – ಪೊನ್ನಂಪೇಟೆಯ 9ನೇ ತರಗತಿ ವಿದ್ಯಾರ್ಥಿ

ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ನಿನ್ನದೇ, ಮರಿ. ಕಪ್ಪು ರೆಕ್ಕೆ ಮೇಲೆ ತೆಳುನೀಲಿ ಗೆರೆ, ಚುಕ್ಕೆ ಇತ್ತಾ? ಹಾಗಿದ್ದರೆ ಅದು ಬ್ಲೂ ಟೈಗರ್ ಇರಬೇಕು. ಅವು ಜೇನಿಗೆ ಬಂದದ್ದಲ್ಲ. ಈ ಜಾತಿಯ ಗಿಡಗಳಲ್ಲಿ ಪೈರೋಲಿಜಿಡೀನ್ ಆಲ್ಕಲಾಯ್ಡ್ ಎಂಬ ವಿಷ ಇರುತ್ತದೆ. ಬಾಡಿದ, ಮುರಿದ ಕೊಂಬೆಯಿಂದ ಚಿಟ್ಟೆಗಳು ಅದನ್ನು ಹೀರುತ್ತವೆ, ಅದರಲ್ಲೂ ಗಂಡು ಚಿಟ್ಟೆಗಳು. ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಲು ಅವಕ್ಕೆ ಅದೇ ಬೇಕು. ಜೊತೆಗೆ ಮೈಯಲ್ಲಿ ವಿಷ ಇದ್ದರೆ ಹಕ್ಕಿಗಳೂ ದೂರ.

ಗದ್ದೆ ಬದಿಯಲ್ಲಿ ಚೇಳುಕೊಂಡಿ ಗಿಡ ನೋಡಿರುತ್ತೀಯ. ಇದರ ನೆಂಟನೇ ಅದು. ಮೊಗ್ಗಿನ ಸಾಲು ಎರಡರಲ್ಲೂ ಚೇಳಿನ ಬಾಲದ ಹಾಗೆ ಸುತ್ತಿಕೊಂಡಿರುತ್ತದೆ, ಹೂ ಅರಳುತ್ತಾ ಹೋದ ಹಾಗೆ ಬಾಲ ಬಿಚ್ಚಿಕೊಳ್ಳುತ್ತದೆ. ಮುಂದಿನ ಸಲ ಅಮ್ಮ ಕೊಂಬೆ ಕತ್ತರಿಸಿದಾಗ ಒಂದನ್ನು ತಂತಿಗೆ ಕಟ್ಟಿ ನೇತುಹಾಕು. ಯಾವ ಚಿಟ್ಟೆ ಬಂತು ಅಂತ ನನಗೆ ಬರಿ. ಕೈ ತೊಳೆಯುವುದು ಮರೆಯಬೇಡ.

ಕೊಟ್ಟಿಗೆ ಪಕ್ಕ ಬೇಲಿಗೆ ಹಾಕಬಹುದಾ? – ನಾಪೋಕ್ಲಿನ ಓದುಗರು

ಖಂಡಿತ ಬೇಡ. ಮೇಲೆ ಹೇಳಿದ ವಿಷ ದನ, ಕುದುರೆಗಳ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ತಿಂದ ದಿನವೇ ಗೊತ್ತಾಗುತ್ತದೆ ಅಂತಲೂ ಇಲ್ಲ. ಕತ್ತರಿಸಿದ ಸೊಪ್ಪನ್ನು ಹುಲ್ಲಿನ ಜೊತೆ ಸೇರಿಸಬೇಡಿ. ಕರು ತಿಂದಿದೆ ಅನ್ನಿಸಿದರೆ ಪಶುವೈದ್ಯರಿಗೆ ಗಿಡದ ಒಂದು ಕೊಂಬೆ ತೋರಿಸಿ. ವೆನಿಲ್ಲಾ ವಾಸನೆ ಇದೆ ಅಂತ ಕೇಕಿನ ಮೇಲೆ ಇಡುವುದೂ ಬೇಡ. ಎಸೆನ್ಸ್ ಬರುವ ವೆನಿಲ್ಲಾ ನಮ್ಮ ತೋಟಗಳಲ್ಲಿ ಒಂದು ಕಾಲಕ್ಕೆ ಎಲ್ಲರೂ ಹುಚ್ಚು ಹಿಡಿದು ಹಬ್ಬಿಸಿದ್ದ ಬಳ್ಳಿ. ಅದು ಆರ್ಕಿಡ್ ಕುಟುಂಬದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಲೆಯಡಿ ಬಿಳಿ ನೊಣ. – ಇಬ್ಬರು ಕೇಳಿದ್ದಾರೆ, ಇಬ್ಬರೂ ಊರು ಬರೆದಿಲ್ಲ

ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ಮುಡಿಯಲು ಬರುತ್ತದಾ? – ವಿರಾಜಪೇಟೆಯ ಓದುಗರು

ಪ್ರಯತ್ನಿಸಿದೆ. ತಂಗಿಯ ಮಗಳ ಮದುವೆಗೆ ಮಲ್ಲಿಗೆ ನಡುವೆ ನಾಲ್ಕು ಗೊಂಚಲು ಸಿಕ್ಕಿಸಿಕೊಂಡು ಹೋಗಿದ್ದೆ. ಊಟದ ಹೊತ್ತಿಗೆ ಕಪ್ಪಾಗಿ, ಜಡೆಯಲ್ಲಿ ಟೀ ಸೊಪ್ಪು ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತಂತೆ. ಮನೆಗೆ ಬಂದ ಮೇಲೆ ಹೇಳಿದರು.