ಎಕ್ಸೆಲ್‌ನ ಹಣಕಾಸು ಮಾಡೆಲ್‌ನಲ್ಲಿ ಲಕ್ಷ, ಕೋಟಿ, ಮಿಲಿಯನ್ ಎಲ್ಲ ಕಲಸಿಹೋಗುತ್ತಿದೆ. ಸೆಲ್ ಒಳಗೆ ಇರೋದು ರೂಪಾಯಿ, ಕಸ್ಟಮ್ ಫಾರ್ಮ್ಯಾಟ್ ಹಾಕಿ ಮಿಲಿಯನ್ ತೋರಿಸುತ್ತಿದ್ದೇನೆ. ಇದನ್ನು ತಾನೇ ನೋಡಿಕೊಳ್ಳುವ ಸಾಫ್ಟ್‌ವೇರ್ ಯಾವುದು?

ಕಸ್ಟಮ್ ಫಾರ್ಮ್ಯಾಟ್, ಅಂದರೆ ಅಂಕಿ ಕಾಣೋ ರೀತಿಯನ್ನಷ್ಟೇ ಬದಲಿಸೋ ಸೆಟ್ಟಿಂಗ್, ಹಾಕಿ ಮಿಲಿಯನ್ ತೋರಿಸುತ್ತೀರಿ ಅಂತ ಬರೆದಿದ್ದೀರಿ. ನಾನೂ ಹಾಗೇ ಮಾಡಿದ್ದೆ.

ಉತ್ತರ ಕರ್ನಾಟಕದಲ್ಲಿ 20 ಮೆಗಾವ್ಯಾಟ್ ಸೋಲಾರ್ ಪ್ರಾಜೆಕ್ಟ್. ಬ್ಯಾಂಕ್ ಸಾಲಕ್ಕೆ ಎಕ್ಸೆಲ್ ಮಾಡೆಲ್, ಅಂದರೆ ಮುಂದಿನ ವರ್ಷಗಳ ಆದಾಯ, ಖರ್ಚು, ಸಾಲದ ಲೆಕ್ಕ, ಕಟ್ಟೋದು ನನ್ನ ಕೆಲಸ. ಜಮೀನು ಪಾವಗಡದ ಸೋಲಾರ್ ಪಾರ್ಕಿನ ಹಾಗೆ ರೈತರಿಂದ ಗುತ್ತಿಗೆಗೆ ತಗೊಂಡಿದ್ದು. ನಮ್ಮದು 100 ಎಕರೆ, ಎಕರೆಗೆ 30,000. ವರ್ಷಕ್ಕೆ 30 ಲಕ್ಷ, ಅಂದರೆ 3 ಮಿಲಿಯನ್.

ಖರ್ಚಿನ ಸಾಲುಗಳಿಗೆಲ್ಲ 0.0,, ಅನ್ನೋ ಫಾರ್ಮ್ಯಾಟ್ ಇತ್ತು. ಕೊನೆಯ ಒಂದೊಂದು ಕಾಮಾವೂ ಸಾವಿರದಿಂದ ಭಾಗಿಸಿ ತೋರಿಸುತ್ತದೆ. ತೋರಿಸುತ್ತದೆ ಅಷ್ಟೆ, ಒಳಗಿನ ಅಂಕಿ ಬದಲಾಗಲ್ಲ. ನಿರ್ವಹಣೆ ವೆಚ್ಚ 1,20,00,000 ರೂಪಾಯಿ, ಕಾಣೋದು 12.0. ಗುತ್ತಿಗೆ ಹಣ ಪ್ರಮೋಟರ್ (ಪ್ರಾಜೆಕ್ಟಿನ ಮಾಲೀಕರು) ಕಳಿಸಿದ ಫೈಲಿನಲ್ಲಿ ಮಿಲಿಯನ್‌ನಲ್ಲೇ ಟೈಪ್ ಆಗಿತ್ತು: 3.0. ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದೆ. ಅಂಕಿಯ ಜೊತೆ ಅದರ ಫಾರ್ಮ್ಯಾಟೂ ಬಂದು ಕೂತಿತು. ಮೇಲೆ 12.0, ಕೆಳಗೆ 3.0, ನೋಡೋಕೆ ಎರಡೂ ಒಂದೇ ಥರ. ಆದರೆ ಮೇಲಿನದು ಒಂದು ಕೋಟಿ ಇಪ್ಪತ್ತು ಲಕ್ಷ, ಕೆಳಗಿನದು ಬರೀ ಮೂರು ರೂಪಾಯಿ. ನೂರು ಎಕರೆಗೆ ವರ್ಷಕ್ಕೆ ಮೂರು ರೂಪಾಯಿ ಗುತ್ತಿಗೆ! ಮೊತ್ತ ನೋಡಿದ್ದರೆ ಗೊತ್ತಾಗುತ್ತಿತ್ತು ಅಂತೀರಾ? ಎಕ್ಸೆಲ್ ಕೂಡಿದ್ದನ್ನು ಯಾರು ಮತ್ತೆ ಕೈಯಲ್ಲಿ ಕೂಡುತ್ತಾರೆ ಹೇಳಿ. ಪೇಸ್ಟ್ ವ್ಯಾಲ್ಯೂಸ್ (ಫಾರ್ಮ್ಯಾಟ್ ಬಿಟ್ಟು ಅಂಕಿ ಮಾತ್ರ ಅಂಟಿಸೋದು) ಮಾಡಿದ್ದರೆ ಸೆಲ್ 0.0 ತೋರಿಸಿ ಆಗಲೇ ಸಿಕ್ಕಿಬೀಳುತ್ತಿತ್ತು.

ಕಂತು, ಬಡ್ಡಿ ಕಟ್ಟೋಕೆ ಬೇಕಾದ್ದರ ಎಷ್ಟು ಪಟ್ಟು ದುಡ್ಡು ಕೈಗೆ ಬರುತ್ತೆ ಅನ್ನೋ ಡಿಎಸ್‌ಸಿಆರ್ 1.22 ಬಂತು. ಬ್ಯಾಂಕ್ ಕೇಳಿದ್ದು 1.20. ಎಲ್ಲರಿಗೂ ಖುಷಿ. ಬ್ಯಾಂಕಿನ ಪರವಾಗಿ ಮಾಡೆಲ್ ಆಡಿಟ್ ಮಾಡಿದವರು ಆ ಸೆಲ್ ಮೇಲೆ ಕ್ಲಿಕ್ ಮಾಡಿ, ಒಳಗಿನ ಅಂಕಿ ಕಾಣೋ ಫಾರ್ಮುಲಾ ಬಾರ್ ನೋಡಿದರು. ಸರಿ ಮಾಡಿದ ಮೇಲೆ 1.18. ಅಷ್ಟರಲ್ಲಿ ಬಿಡ್‌ನಲ್ಲಿ ಕರೆಂಟಿನ ದರ ಕೊಟ್ಟಾಗಿತ್ತು, ಏರಿಸೋ ಹಾಗಿರಲಿಲ್ಲ. ಸಾಲ ಕಡಿಮೆಯಾಯ್ತು, ಪ್ರಮೋಟರ್ ಸ್ವಂತ ದುಡ್ಡು ಜಾಸ್ತಿ ಹಾಕಬೇಕಾಯ್ತು. ಮುಂದಿನ ಪ್ರಾಜೆಕ್ಟಿಗೆ ನಮ್ಮನ್ನು ಕರೆಯಲಿಲ್ಲ.

ಹಾಗಾಗಿ ಸಾಫ್ಟ್‌ವೇರ್ ಹುಡುಕಬೇಡಿ. 3.0 ಅಂದರೆ ಮೂರು ಏನು ಅಂತ ನೀವು ಬರೆದಿಡದಿದ್ದರೆ ಯಾವ ಸಾಫ್ಟ್‌ವೇರಿಗೂ ಗೊತ್ತಾಗಲ್ಲ. ಫಾರ್ಮ್ಯಾಟ್‌ನಲ್ಲಿ ಅಳತೆ ಬದಲಿಸೋ ಆಟ ಬಿಟ್ಟುಬಿಡಿ. ಲೆಕ್ಕದ ಶೀಟುಗಳಲ್ಲಿ ದುಡ್ಡಿಗೆ ಒಂದೇ ಅಳತೆ ಇರಲಿ, ನಾನು ಲಕ್ಷ ಇಡ್ತೀನಿ. ಪ್ರತಿ ಸಾಲಿನ ಹೆಸರಿನ ಪಕ್ಕ ಒಂದು ಕಾಲಂ ಮಾಡಿ: ರೂ. ಲಕ್ಷ, ರೂ./ಎಕರೆ/ವರ್ಷ, ಮೆಗಾವ್ಯಾಟ್ ಅವರ್, ಹೀಗೆ. ಇನ್‌ಪುಟ್ ಬಂದ ಅಳತೆಯಲ್ಲೇ ಬರೆಯಿರಿ, ಬದಲಿಸೋದು ಬೇರೆ ಸಾಲಿನಲ್ಲಿ ಕಾಣಿಸಲಿ. 20 ಮೆಗಾವ್ಯಾಟನ್ನು ವರ್ಷದ 8,760 ಗಂಟೆಯಿಂದಲೂ, ಪೂರ್ಣ ಸಾಮರ್ಥ್ಯದಲ್ಲಿ ನಿಜಕ್ಕೂ ಎಷ್ಟು ಪಾಲು ಕರೆಂಟ್ ಬರುತ್ತೆ ಅನ್ನೋ ಶೇ. 19ರಿಂದಲೂ ಗುಣಿಸಿದರೆ 33,288 ಮೆಗಾವ್ಯಾಟ್ ಅವರ್. ಸಾವಿರದಿಂದ ಗುಣಿಸಿದರೆ 3.33 ಕೋಟಿ ಯೂನಿಟ್ ಕರೆಂಟ್. ಯೂನಿಟ್‌ಗೆ 3 ರೂಪಾಯಿಯಾದರೆ ಸುಮಾರು 999 ಲಕ್ಷ. ಪ್ರತಿ ಹೆಜ್ಜೆಗೂ ಒಂದು ಸಾಲು. ಉದ್ದ ಆಗುತ್ತೆ, ಆಗಲಿ ಬಿಡಿ.

ವಿದೇಶಿ ಹೂಡಿಕೆದಾರರು ಮಿಲಿಯನ್ ಕೇಳಿದರೆ ಕೊನೆಗೊಂದು ಪ್ರಿಂಟ್ ಶೀಟ್ ಮಾಡಿ, ಅಲ್ಲಿ ನಿಜವಾಗಿಯೇ 10ರಿಂದ ಭಾಗಿಸಿ. ಬಾಸ್ ಗೊಣಗಿದರೆ ಕಂಪನಿ ಕಾಯ್ದೆ 2013ರ ಮೂರನೇ ಶೆಡ್ಯೂಲ್ ತೋರಿಸಿ. ಒಂದು ಸಲ ಲಕ್ಷವೋ ಕೋಟಿಯೋ ಆರಿಸಿಕೊಂಡರೆ ಇಡೀ ಲೆಕ್ಕಪತ್ರದಲ್ಲಿ ಅದೇ ಇರಬೇಕು ಅಂತ ಅಲ್ಲೇ ಇದೆ.